ಬಾಣಂತಿ ಕೋಣೆಗೆ ಬಣ್ಣ

೩ ಜೂನ್ ೨೦೦೧, ರವಿವಾರ

ಪುಣೆಯ ಕಸಬಾ ಪೇಠೆಯ ಈ ವಾಡೆಗೆ ಬಂದು ಇಳಿದೆ. ಎರಡು ಟ್ರಂಕು, ಒಂದು ಸ್ಟೋವು, ಎರಡು ಗೋಣಿಚೀಲ ಪುಸ್ತಕ, ಸಂಘಟನೆಯ ಬೋರ್ಡು ಬರೆದು ಉಳಿದ ಬಣ್ಣದ ಡಬ್ಬಿಗಳು. ಐವತ್ತೊಂದು ವರ್ಷ ಬದುಕಿದವಳ ಸಂಸಾರ ಒಂದೇ ಟೆಂಪೋದಲ್ಲಿ ಬಂತು. ಅದರಲ್ಲೂ ಅರ್ಧ ಜಾಗ ಖಾಲಿ ಇತ್ತು.

ಮಹಡಿಯ ಮೇಲೆ ಎರಡು ಕೋಣೆ. ಕಟ್ಟಿಗೆಯ ಮೆಟ್ಟಿಲು ಎಷ್ಟು ಕಡಿದೆಂದರೆ ಹತ್ತುವಾಗ ಮೂಗು ಮೇಲಿನ ಮೆಟ್ಟಿಲಿಗೆ ತಾಗುತ್ತದೆ. ಗೋಡೆ ಒಂದೂವರೆ ಮೊಳ ದಪ್ಪ, ಅದರಲ್ಲಿ ದೀಪ ಇಡುವ ಗೂಡುಗಳು, ಮೇಲೆ ಸಾಗವಾನಿಯ ತೊಲೆ. ಪೇಶವೆಯವರ ಕಾಲದ ವಾಡೆಯಂತೆ. ಪೇಶವೆಯವರ ಕಾಲದಲ್ಲಿ ನನ್ನಂಥವಳು ಈ ಓಣಿಯಲ್ಲಿ ಹೇಗೆ ನಡೆಯಬೇಕಾಗಿತ್ತು ಎಂಬುದು ನನಗೆ ಗೊತ್ತಿದೆ. ಕೊರಳಿಗೆ ಮಡಿಕೆ, ಸೊಂಟಕ್ಕೆ ಕಸಬರಿಗೆ. ಈಗ ಅದೇ ಓಣಿಯ ಮಹಡಿಯಲ್ಲಿ ಕಾಲು ಚಾಚಿ ಕೂತು ಬರೆಯುತ್ತಿದ್ದೇನೆ. ಇದೊಂದು ಸುಖ.

ಒಡತಿ ಭಾಮಾಕಾಕು. ಧಾರವಾಡದ ಬ್ರಾಹ್ಮಣರ ಹೆಣ್ಣು, ಪುಣೆಯ ಸೊಸೆ, ಎಪ್ಪತ್ತು ದಾಟಿದವಳು. ಹೋದ ತಿಂಗಳು ಕೋಣೆ ಕೇಳಲು ಬಂದಾಗ ನಾನು ಬಾಗಿಲಲ್ಲೇ ಹೇಳಿಬಿಟ್ಟೆ: “ನನ್ನ ಹೆಸರು ನಾಗವ್ವ. ಬಿಜಾಪುರ ಕಡೆಯಾಕಿ. ಹೊಲಗೇರಿಯಾಗ ಹುಟ್ಟೀನಿ. ಮನಿಗೆಲಸದ ಹೆಂಗಸರ ಸಂಘಟನೆ ನಡಸ್ತೀನಿ. ಆಮ್ಯಾಲೆ ಗೊತ್ತಾತು ಅಂತ ತಕರಾರು ತಗೀಬ್ಯಾಡ್ರಿ.”

ಆಕೆ ಶೇಂಗಾ ಸುಲಿಯುತ್ತಿದ್ದಳು. ತಲೆ ಎತ್ತಲಿಲ್ಲ. “ನಳ ಕೆಳಗ ಚೌಕದಾಗ ಅದ. ಮ್ಯಾಲೆ ನೀರು ಏರೂದಿಲ್ಲ. ಕೊಡ ಹೊತ್ತು ಹತ್ತಬೇಕು. ಮೊದಲಿದ್ದವರು ಅದಕ್ಕ ಬಿಟ್ಟು ಹೋದ್ರು. ನಿನಗ ಆಗ್ತದೇನು, ಅದು ಹೇಳು.”

“ನಳ ಯಾರದು?”

“ನಳಕ್ಕ ಯಾರದಂತ ಇರ್ತದೇನು? ಪಾಳಿ ಹಚ್ಚಿ ತುಂಬಿಕೊಳ್ಳೂದು.”

ಜಗಳಕ್ಕೆ ಸೆರಗು ಬಿಗಿದು ಹೋದವಳಿಗೆ ಜಗಳ ಸಿಗಲಿಲ್ಲ. ನಿಜ ಹೇಳಬೇಕೆಂದರೆ ನಿರಾಶೆಯಾಯಿತು. ಏಕವಚನ ಮಾತ್ರ ಚುಚ್ಚಿತು. ಇವತ್ತು ನೋಡಿದೆ, ಆಕೆ ವಾರ್ಡಿನ ಕಾರ್ಪೊರೇಟರನನ್ನೂ ಮರಾಠಿಯಲ್ಲಿ “ಯೇ ರೇ”, ಬಾರೋ, ಎಂದೇ ಕರೆದಳು. ಅಡಿಗೆಮನೆಯ ಹೊಸ್ತಿಲು ಬೇರೆ ಮಾತು. ನಳ ಎಲ್ಲರದು, ಒಲೆ ಆಕೆಯದು. ಆಕೆ ಹೇಳಲಿಲ್ಲ, ನಾನು ಕೇಳಲಿಲ್ಲ. ನೋಡಿಟ್ಟುಕೊಂಡಿದ್ದೇನೆ.

ಈ ಕೋಣೆ ಯಾಕೆ ಹಿಡಿದೆ ಎಂಬುದನ್ನೂ ಬರೆದಿಡಬೇಕು. ನಾಳೆ ನನಗೆ ನಾನೇ ಸುಳ್ಳು ಹೇಳಿಕೊಳ್ಳಬಾರದು. ನನ್ನ ಮಗಳು ಸ್ನೇಹಲ್ ಬಸುರಿ, ಐದು ತಿಂಗಳು. ಅವಳ ಗಂಡ ಮಾಂತು ಪುಣೆ ಹತ್ತಿರದ ರಾಂಜಣಗಾಂವದ ಒಂದು ಕಾರ್ಖಾನೆಯಲ್ಲಿ ಫಿಟರ್. ಬೆಳಗಾವಿ ಕಡೆಯ ಲಿಂಗಾಯತರ ಹುಡುಗ, ಮನೆಯವರಿಗೆ ಎದುರು ನಿಂತು ನನ್ನ ಮಗಳನ್ನು ಮದುವೆಯಾದವನು. ಅವನ ತಾಯಿ ಶಿವಬಸವ್ವ ಈಗ ಅವರ ಜೊತೆಗೇ ಇದ್ದಾಳೆ. ಮೊದಲ ಬಾಣಂತನ ತವರಿನಲ್ಲಿ ಆಗುವುದು ಅವರಲ್ಲೂ ಪದ್ಧತಿ, ನಮ್ಮಲ್ಲೂ ಪದ್ಧತಿ. ಮಾತು ಬಂದಾಗ ಶಿವಬಸವ್ವ ಅಂದಳಂತೆ: “ತವರು ಇದ್ದವರನ್ನ ತವರಿಗೆ ಕಳಸ್ತಾರ. ಈಕಿ ತವರು ಯಾವುದೈತಿ, ಆ ಸಂಘಟನೆ ಆಫೀಸ?”

ಸುಳ್ಳೇನಲ್ಲ. ಗಂಡ ಸತ್ತ ಮೇಲೆ ನಾನು ಆಫೀಸಿನ ಅಟ್ಟದ ಮೇಲೆ ಮಲಗಿ ದಿನ ತೆಗೆದವಳು. ಸ್ನೇಹಲ್ ಬೆಳೆದದ್ದು ಧನಕವಡಿಯಲ್ಲಿ, ನನ್ನ ತಂಗಿಯ ಮನೆಯಲ್ಲಿ. ಪದ್ಧತಿಗಳ ಮೇಲೆ ನನಗೆ ಕಾಳಷ್ಟೂ ನಂಬಿಕೆಯಿಲ್ಲ. ಆದರೆ ನನ್ನ ಮಗಳಿಗೆ ತವರಿಲ್ಲ ಎಂದು ಯಾರೂ ಅನ್ನಬಾರದು. ಬಾಣಂತನ ಇಲ್ಲೇ ಆಗಬೇಕು. ಅಷ್ಟಕ್ಕೆ ಈ ಕೋಣೆ.

೧೦ ಜೂನ್, ರವಿವಾರ

ಬಾಣಂತಿ ಕೋಣೆ ಎಂದರೆ ನಮ್ಮ ಜನಕ್ಕೆ ಒಂದು ಗವಿ. ಕಿಟಕಿಗೆ ಗೋಣಿತಟ್ಟು, ಬಾಗಿಲಿಗೆ ಕಂಬಳಿ, ಒಳಗೆ ಹೊಗೆ. ಹೆತ್ತವಳು ಯಾವ ಅಪರಾಧ ಮಾಡಿದ್ದಾಳೆಂದು ಈ ಕತ್ತಲೆ ಕೋಣೆ? ನನ್ನ ಮಗಳು ಕಣ್ಣು ಬಿಟ್ಟರೆ ಬಣ್ಣ ಕಾಣಬೇಕು. ಮಗು ಕಣ್ಣು ಬಿಟ್ಟರೂ ಬಣ್ಣವೇ ಕಾಣಬೇಕು.

ಹೊರಗಿನಿಂದ ಬಣ್ಣ ತರುವುದೇಕೆ? ಸಂಘಟನೆಯ ಬೋರ್ಡುಗಳಿಗೆ ತಂದ ಆಯಿಲ್ ಪೇಂಟು ಇದೆ. ಕೆಂಪು ಇದೆ, ನೀಲಿ ಇದೆ. ಎರಡೂ ನನ್ನ ಬಣ್ಣಗಳೇ. ಕೆಂಪಿನಲ್ಲಿ ಹಕ್ಕು ಕೇಳಿದ್ದೇನೆ, ನೀಲಿಯಲ್ಲಿ ಮಾನ ಕೇಳಿದ್ದೇನೆ. ಮೂವತ್ತು ವರ್ಷ ಊರವರ ಗೋಡೆಗಳ ಮೇಲೆ ಘೋಷಣೆ ಬರೆದ ಕೈ ಇದು. ಎರಡು ಕೋಣೆ ಯಾವ ಲೆಕ್ಕ?

ಮಂಚ ಹಾಕುವ ಕಡೆಯ ಗೋಡೆ ಕೆಂಪು. ಎದುರಿನದು ನೀಲಿ, ಅದರ ಮೇಲೆ ಬಿಳಿ ಅಕ್ಷರದಲ್ಲಿ ಒಂದು ಸಾಲು. ಯಾವ ಸಾಲು ಎಂಬುದು ಇನ್ನೂ ಹೊಳೆದಿಲ್ಲ. ಮೊದಲು ದಾರ ಹೊಡೆದು ಅಳತೆ ನೋಡಿದೆ. ದಾರಕ್ಕೆ ಬಣ್ಣದ ಪುಡಿ ಸವರಿ, ಎರಡು ತುದಿ ಬಿಗಿ ಹಿಡಿದು, ನಡುವೆ ಎಳೆದು ಬಿಟ್ಟರೆ ಗೋಡೆಯ ಮೇಲೆ ನೆಟ್ಟನೆಯ ಗೆರೆ ಮೂಡುತ್ತದೆ. ಮೇಲೊಂದು, ಕೆಳಗೊಂದು. ನಡುವೆ ಅಕ್ಷರ. ಇದಕ್ಕೆ ಇಬ್ಬರು ಬೇಕು. ಚಿಕ್ಕವಳಿದ್ದಾಗ ಆ ತುದಿ ಹಿಡಿಯುತ್ತಿದ್ದವಳು ಸ್ನೇಹಲ್. ಇವತ್ತು ಕಿಟಕಿಯ ಸರಳಿಗೆ ಕಟ್ಟಿಕೊಂಡೆ.

೨೯ ಜೂನ್

ಕೆಂಪು ಮುಗಿಯಿತು. ಎರಡು ಕೈ ಬಳಿದೆ. ಕಣ್ಣಿಗೆ ಹೊಡೆಯುವಂತಿದೆ.

ಸಂಜೆ ಭಾಮಾಕಾಕು ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದಳು. ಬಾಗಿಲಲ್ಲಿ ನಿಂತು ಸೆರಗಿನಿಂದ ಮೂಗು ಮುಚ್ಚಿಕೊಂಡಳು.

“ಇದೇನ ನಾಗವ್ವ, ಪೋಸ್ಟಿನ ಡಬ್ಬಿ ಒಳಗ ಬಂದು ಕೂತೀ ಏನು?”

“ಇದು ನಮ್ಮ ಬಣ್ಣರೀ ಕಾಕು.”

“ನಿಮ್ಮದ ಇರಲಿ. ಗೋಡಿದು ಕೇಳಿದ್ಯೇನು?”

ಗೋಡೆಯನ್ನು ಕೇಳಬೇಕಂತೆ. ಮುದುಕಿಯ ಬಾಯಿ ಬಾಯಲ್ಲ. ನಾಡಿದ್ದು ಸ್ನೇಹಲ್ ಬರುತ್ತಾಳೆ. ಅವಳು ನೋಡಲಿ.

೧ ಜುಲೈ, ರವಿವಾರ

ಬಂದಳು. ಮಾಂತು ಹಿಂದಿನಿಂದ ಕೈ ಆಸರೆ ಕೊಟ್ಟು ಮೆಟ್ಟಿಲು ಹತ್ತಿಸಿದ. ಹೊಟ್ಟೆ ಈಗ ಸೀರೆಯಲ್ಲಿ ನಿಲ್ಲುವುದಿಲ್ಲ. ಮುಖ ತುಂಬಿಕೊಂಡಿದೆ, ನನ್ನ ಅವ್ವನ ಮುಖವೇ ಬಂದು ಕೂತಿದೆ. ನಾನು ಬಾಗಿಲು ತೆರೆದು, “ನೋಡು” ಅಂದೆ.

ಒಳಗೆ ಎರಡು ಹೆಜ್ಜೆ ಇಟ್ಟವಳು ಬಾಯಿಗೆ ಕೈ ಅಡ್ಡ ಹಿಡಿದು ಹೊರಗೆ ಓಡಿದಳು. ಮೊಗಸಾಲೆಯ ಮೂಲೆಯಲ್ಲಿ ಕೂತು ವಾಂತಿ ಮಾಡಿದಳು. ಬಣ್ಣದ ಕಮಟು. ಮೂರು ದಿನವಾದರೂ ಹೋಗಿಲ್ಲ, ಮಳೆಗಾಲ, ಒಣಗಿಯೇ ಇಲ್ಲ. ಮೂವತ್ತು ವರ್ಷದಿಂದ ಅದೇ ವಾಸನೆಯಲ್ಲಿ ಇದ್ದವಳಿಗೆ ಅದು ವಾಸನೆ ಎಂದೇ ತಿಳಿದಿರಲಿಲ್ಲ.

ಬಾಯಿ ಮುಕ್ಕಳಿಸಿ ಮೆಟ್ಟಿಲ ಮೇಲೆಯೇ ಕೂತಳು. ಅಲ್ಲಿಂದಲೇ ಗೋಡೆಯ ಗೆರೆಗಳನ್ನು ನೋಡಿದಳು.

“ಅಲ್ಲೇನ ಬರೀತಿ?”

“ಒಂದು ಘೋಷಣಾ.”

“ಅವ್ವಾ, ಗೋಡಿ ಅಂದ್ರ ನಿನಗ ಬರೇ ಘೋಷಣಾ. ಶಾಲ್ಯಾಗ ಮನಿ ಚಿತ್ರ ತಗೀರಿ ಅಂತಿದ್ರು. ನಾ ಚಿಕ್ಕವ್ವನ ಮನಿ ತಗೀತಿದ್ದೆ. ಬಾಜೂದಾಗ ನಿನ್ನ ಹೆಸರು ಬರದು ಬಾಣ ಹಾಕ್ತಿದ್ದೆ, ಈಕಿ ಇಲ್ಲಿಲ್ಲ ಅಂತ.”

ನಾನು ಸುಮ್ಮನಿರಬೇಕಾಗಿತ್ತು. ಇರಲಿಲ್ಲ. “ಆ ಘೋಷಣಾದಿಂದನ ನೂರಾರು ಹೆಂಗಸರಿಗೆ ವಾರಕ್ಕೊಂದು ಸೂಟಿ ಸಿಕ್ಕೈತಿ” ಅಂದೆ.

“ಹೌದವಾ. ನನಗ ಸಿಗಲಿಲ್ಲ.”

ಮಾಂತು ನಡುವೆ ಬಾಯಿ ಹಾಕಿದ: “ಅತ್ತಿ, ವಾಸನಿ ಹೋಗಲ್ರಿ, ಮತ್ತ ಬರ್ತೀವ್ರಿ.” ಒಳ್ಳೆಯ ಹುಡುಗ. ಅಳಿಯನಿಗೆ ಚಹಾ ಕೂಡ ಕೊಡಲಿಲ್ಲ. ಹೋದರು.

೨ ಜುಲೈ

ಬರೆಯುವಂಥದ್ದು ಏನೂ ಇಲ್ಲ.

೧೫ ಜುಲೈ, ರವಿವಾರ

ನಾಲ್ಕು ದಿನದ ಮಳೆ. ಗೋಡೆಗೆ ಸಿಡುಬು ಬಂದಿದೆ. ಕೆಂಪಿನ ಕೆಳಗೆ ನೀರು ಸಿಕ್ಕಿಕೊಂಡು ಗುಳ್ಳೆ ಎದ್ದಿವೆ. ಬೆರಳು ಒತ್ತಿದರೆ ಒಡೆದು, ಚರ್ಮ ಸುಲಿದಂತೆ ಬಣ್ಣ ಕೈಗೆ ಬರುತ್ತದೆ.

ಭಾಮಾಕಾಕುವಿಗೆ ಹೇಳಿದೆ. ಆಕೆ ನಗುತ್ತಾಳೆ ಎಂದುಕೊಂಡಿದ್ದೆ. ನಗಲಿಲ್ಲ. “ಇದು ಸುಣ್ಣದ ಗೋಡಿ. ಇದರ ಬಾಯಿ ಮುಚ್ಚಿದ್ರ ಹಿಂಗ ಆಗ್ತದ. ನಾವೆಲ್ಲಾ ದೀಪಾವಳಿಗೊಮ್ಮೆ ಸುಣ್ಣ ಕೊಡ್ತಿದ್ವಿ, ಅದಕ್ಕ ಯಾವ ಬಣ್ಣ ಬೇಕೋ ಅದು ಕಲಸಿ. ಎಣ್ಣಿ ಬಣ್ಣಾ ಯಾರೂ ಹಚ್ಚಿಲ್ಲ” ಅಂದಳು.

“ಮೊದಲೇ ಹೇಳಬಾರದಾಗಿತ್ತೇನ್ರಿ?”

“ನೀ ಕೇಳೋ ಪೈಕೇನು? ಮೆರವಣಿಗಿಗೆ ಎದುರು ಬಂದವರಂಗ ನನ್ನ ನೋಡ್ತಿ.”

ಬಾಯಿ ಮುಚ್ಚಿದರೆ ಸಿಡಿಯುತ್ತದೆ ಎಂದು ನಾನು ಎಷ್ಟು ಭಾಷಣಗಳಲ್ಲಿ ಹೇಳಿರಬಹುದು. ಮನೆಯ ಗೋಡೆಗೆ ಅದೇ ಮಾಡಿದೆ. ಬೋರ್ಡಿನ ಬಣ್ಣ ಬೋರ್ಡಿಗೆ ಸರಿ. ತಗಡು ಉಸಿರಾಡುವುದಿಲ್ಲ.

೨೨ ಜುಲೈ, ರವಿವಾರ

ಬೆಳಗಿನಿಂದ ಕೆರೆಯುತ್ತಿದ್ದೇನೆ. ಒಂದು ಉಳಿ, ಒಂದು ತಂತಿ ಬ್ರಶ್ಶು. ಕೆಂಪು ಸುಲಿದು ಬಂದ ಮೇಲೆ ಅದರ ಕೆಳಗೆ ಗುಲಾಬಿ. ಗುಲಾಬಿಯ ಕೆಳಗೆ ಹಳದಿ. ಹಳದಿಯ ಕೆಳಗೆ ಗಿಳಿಹಸಿರು. ಅದರ ಕೆಳಗೆ ಮತ್ತೆ ಬಿಳಿ, ನೀಲಿ ಬೆರೆಸಿದ ಬಿಳಿ. ಈ ಗೋಡೆ ಎಷ್ಟು ಸಲ ಸೀರೆ ಬದಲಿಸಿದೆಯೋ. ಗೋಡೆ ಎಂದರೆ ಖಾಲಿ ಹಲಗೆ ಎಂದೇ ನಾನು ತಿಳಿದಿದ್ದೆ.

ಭಾಮಾಕಾಕು ಮಧ್ಯಾಹ್ನ ಬಂದು ನನ್ನ ಟ್ರಂಕಿನ ಮೇಲೆ ಕೂತಳು. ಚಹಾ ಕೊಟ್ಟೆ. ಕುಡಿದಳು. ಸಕ್ಕರೆ ಜಾಸ್ತಿ ಎಂದಳು. ಹಸಿರು ಕಂಡ ಕೂಡಲೇ ಕನ್ನಡಕ ಸರಿಮಾಡಿಕೊಂಡಳು.

“ಅಲ್ಲೇ ನಿಂದರು. ಆ ಹಸಿರು ಕೆರೀಬ್ಯಾಡ. ಅದು ನಂದು.”

ಕೇಳಿದೆ. ನಿಧಾನವಾಗಿ ಹೇಳಿದಳು. ಮದುವೆಯಾದ ವರ್ಷವೇ ಆಕೆಯ ಅಪ್ಪ ತೀರಿಕೊಂಡನಂತೆ, ಧಾರವಾಡದ ಮನೆಗೆ ಕೀಲಿ ಬಿತ್ತಂತೆ. “ಬಾಣಂತನಕ್ಕ ಹೋಗಬೇಕಂದ್ರ ತವರಾರ ಎಲ್ಲೆ? ಇದ ಖೋಲ್ಯಾಗ ಹಾಕಿದ್ರು. ನಮ್ಮ ಧಾರವಾಡದ ಮನಿ ಪಡಸಾಲಿ ಹಸಿರಿತ್ತು ಅಂತ ಒಮ್ಮೆ ನಮ್ಮವರ ಮುಂದ ಅಂದಿದ್ದೆ. ಅವರು ತಾವ ಸುಣ್ಣ ಕಲಸಿ ಹಚ್ಚಿದ್ರು. ಮನಿ ಮಂದೆಲ್ಲಾ ನಕ್ಕರು, ಬಾಣಂತಿ ಕೋಣಿಗೆ ಗಿಳಿ ಹಸಿರೇನು ಅಂತ. ಅತ್ತಿ ಕಿಡಕಿಗೆ ತಟ್ಟು ಕಟ್ಟಿಬಿಟ್ರು. ಕತ್ತಲ್ಯಾಗ ಯಾವ ಹಸಿರು ಕಾಣಬೇಕು? ತಿಂಗಳಾದ ಮ್ಯಾಲೆ ತಟ್ಟು ತಗದಾಗ ನೋಡಿದೆ. ನೋಡಿ ಅತ್ತುಬಿಟ್ಟೆ.”

“ಆ ಕೂಸು?”

“ದಿಗಂಬರ. ತಲಿ ಬೋಳಾಗಿ ಕೆಳಗ ಕೂತು ಪೇಪರ್ ಓದ್ಲಿಕ್ಕೆ ಹತ್ಯಾನಲ್ಲಾ, ಅವನ.”

ಇಬ್ಬರೂ ನಕ್ಕೆವು. ಆ ಹಸಿರಿನ ತುಂಡನ್ನು, ಒಂದು ತಟ್ಟೆಯಷ್ಟು, ಹಾಗೇ ಬಿಟ್ಟಿದ್ದೇನೆ. ಶೋಷಕ ವರ್ಗದ ನೆನಪು ಎಂದು ಯಾರಾದರೂ ಅಂದರೆ ನನ್ನ ಹತ್ತಿರ ಕಳಿಸಿ. ತವರಿಲ್ಲದ ಹುಡುಗಿ ಯಾವ ವರ್ಗದವಳು ಎಂದು ಅವರನ್ನು ಕೇಳುತ್ತೇನೆ.

೧೨ ಆಗಸ್ಟ್, ರವಿವಾರ

ರಾಂಜಣಗಾಂವಕ್ಕೆ ಹೋಗಿ ಬಂದೆ. ಸ್ನೇಹಲ್‌ಗೆ ಏಳು ತಿಂಗಳ ಕುಬಸ. ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಉಂಡಿ ಕೊಟ್ಟು ಉಡಿ ತುಂಬುವ ಆಚರಣೆ. ಇಂಥವನ್ನು ಟೀಕಿಸಿ ನಾನು ಒಂದು ಪುಸ್ತಿಕೆಯನ್ನೇ ಬರೆದಿದ್ದೇನೆ. ಹಸಿರು ಸೀರೆ ಒಯ್ದೆ. ಅವಳಿಗೆ ಹಸಿರು ಒಪ್ಪುತ್ತದೆ ಎಂದು ಒಯ್ದೆ, ಬೇರೆ ಕಾರಣವಿಲ್ಲ. ಬಳೆಯನ್ನೂ ಒಯ್ದೆ. ಎಳ್ಳುಂಡಿ, ಶೇಂಗಾ ಉಂಡಿ ಕಟ್ಟಿದೆ, ಅವು ಶಕ್ತಿಗೆ ಒಳ್ಳೆಯವು.

ಶಿವಬಸವ್ವ ಓಣಿಯ ಹೆಂಗಸರನ್ನೆಲ್ಲ ಕೂರಿಸಿಕೊಂಡು ನನ್ನ ಮುಂದೆಯೇ ಅಂದಳು: “ಬಾಣಂತನ ಇಲ್ಲೇ ಮಾಡ್ತೀವಿ. ಆ ಮೆಟ್ಟಲಾ ಬಸುರಿ ಹತ್ತೂವಂಥವಲ್ಲಂತ ಮಾಂತು ಹೇಳ್ಯಾನ. ಅವರ ಮನಿ ಬಣ್ಣದ ವಾಸನಿಗೆ ಹುಡುಗಿ ವಾರಗಟ್ಟಲೆ ಉಂಡಿಲ್ಲ. ಅವರಿಗೂ ಪಾಪ ಮೋರ್ಚಾ, ಸಭಾ ಇರ್ತಾವ.”

ಪೊಲೀಸ್ ಅಧಿಕಾರಿಗಳಿಗೆ ಉತ್ತರ ಕೊಟ್ಟವಳು ನಾನು. ಅಲ್ಲಿ ಬಾಯಿ ಕಟ್ಟಿತು. ಸ್ನೇಹಲ್ ನನ್ನನ್ನೇ ನೋಡುತ್ತಿದ್ದಳು, ನಾನು ಏನಾದರೂ ಹೇಳುತ್ತೇನೆ ಎಂದು. ನಾನು ಅವಳನ್ನು ನೋಡುತ್ತಿದ್ದೆ, ಅವಳು ಏನಾದರೂ ಹೇಳುತ್ತಾಳೆ ಎಂದು.

ನಾನು ಒಯ್ದ ಉಂಡಿಯನ್ನು ಶಿವಬಸವ್ವ ಎಲ್ಲರಿಗೂ ಹಂಚಿದಳು. ತಾನು ತಿನ್ನಲಿಲ್ಲ. ಹಲ್ಲು ನೋವಂತೆ.

೧೩ ಆಗಸ್ಟ್

ಬೇಡವೆಂದರೆ ಬೇಡ. ಬಸುರಿಯರಿಗಾಗಿಯೇ ಮನೆಗೆ ಬಣ್ಣ ಹಚ್ಚಬೇಕೆಂಬ ಕಾನೂನಿಲ್ಲ. ಈ ಕೋಣೆಯಲ್ಲಿ ಇರುವವಳು ನಾನು. ನನಗಾಗಿ ಹಚ್ಚಿಕೊಳ್ಳುತ್ತೇನೆ.

ಸುಣ್ಣದ ಕಲ್ಲು ತಂದು ಪೀಪಾಯಿಯಲ್ಲಿ ನೆನೆಹಾಕಿದೆ. ಕೊತಕೊತ ಕುದಿಯಿತು. ನನ್ನ ಹಾಗೆಯೇ.

ಮೆಟ್ಟಿಲಿನ ಗೋಡೆಗುಂಟ ಒಂದು ದಪ್ಪ ಹಗ್ಗ ಬಿಗಿದಿದ್ದೇನೆ, ಹಿಡಿದು ಹತ್ತಲು. ಭಾಮಾಕಾಕುವಿಗೆ ವಯಸ್ಸಾಗಿದೆ, ಅದಕ್ಕೆ.

೨೬ ಆಗಸ್ಟ್, ರವಿವಾರ

ಗಣಪತಿಯ ದಿನಗಳು. ಕಸಬಾ ಪೇಠೆಯ ಢೋಲಿಗೆ ತೊಲೆಯಿಂದ ಮಣ್ಣು ಉದುರುತ್ತದೆ. ಗುಂಪಿಗೆ ಬೈಯುತ್ತಲೇ ಕೆಲಸ ಮಾಡಿದೆ. ಕೈ ಢೋಲಿನ ತಾಳಕ್ಕೆ ಬಳಿಯುತ್ತಿತ್ತು, ಅದಕ್ಕೆ ನಾನು ಜವಾಬ್ದಾರಳಲ್ಲ.

ಮಂಚದ ಕಡೆಯ ಗೋಡೆ ಗಿಳಿಹಸಿರು. ಉಳಿಸಿಟ್ಟ ಹಳೆಯ ತುಂಡಿನ ಪಕ್ಕ ಇಟ್ಟು ನೋಡಿ ನೋಡಿ ಬಣ್ಣ ಕಲಸಿದ್ದು ಭಾಮಾಕಾಕು. “ಇನ್ನಷ್ಟ ಹಳದಿ ಹಾಕು. ಏಯ್, ಅಷ್ಟಲ್ಲ. ಹೆರಿಗಿ ಮಾಡ್ಸೂದಕ್ಕಿಂತ ಕಷ್ಟ ಅದ ನಿನಗ ಹೇಳೂದು.” ಕಿಟಕಿಯ ಗೋಡೆ ಹಳದಿ ಮಣ್ಣಿನದು. ಗೂಡುಗಳ ಒಳಗೆ ಮಾತ್ರ ಕೆಮ್ಮಣ್ಣು. ಅಷ್ಟು ಕೆಂಪು ಸಾಕು, ನೋಡಿದರೆ ಬೆಚ್ಚಗೆನಿಸುತ್ತದೆ. ಎದುರಿನ ಗೋಡೆ ನೀಲಿ. ಅದರಲ್ಲಿ ರಾಜಿಯಿಲ್ಲ. ಆದರೆ ಬೋರ್ಡಿನ ನೀಲಿಯಲ್ಲ, ಸುಣ್ಣಕ್ಕೆ ಬಟ್ಟೆಯ ನೀಲಿ ಬೆರೆಸಿದ್ದು. ಬೆಳಗಿನ ಹೊತ್ತು ನೋಡಿದರೆ ಅಲ್ಲಿ ಗೋಡೆ ಇದೆಯೆಂದೇ ಅನಿಸುವುದಿಲ್ಲ.

೯ ಸೆಪ್ಟೆಂಬರ್, ರವಿವಾರ

ನೀಲಿ ಗೋಡೆಗೆ ಮತ್ತೆ ದಾರ ಹೊಡೆದೆ. ಆ ತುದಿ ಭಾಮಾಕಾಕು ಹಿಡಿದಳು. ಕೈ ನಡುಗುತ್ತದೆ, ಕೆಳಗಿನ ಗೆರೆ ಸ್ವಲ್ಪ ಡೊಂಕಾಗಿದೆ. ಸಂಘಟನೆಯ ಹುಡುಗಿಯರು ಹೀಗೆ ಹಿಡಿದಿದ್ದರೆ ಬೈದು ಅಳಿಸುತ್ತಿದ್ದೆ.

“ಏನ ಬರೀತಿ?” ಕಾಕು ಕೇಳಿದಳು.

ಕೂತು ಯೋಚಿಸಿದೆ. ಹೋರಾಟದ ಸಾಲುಗಳು ಒಂದರ ಮೇಲೊಂದು ಬಂದವು. ಬೀದಿಯಲ್ಲಿ ಬೆಂಕಿಯಂತಿದ್ದ ಸಾಲು ಈ ನೀಲಿಯ ಮೇಲೆ ಬೇರೆಯವರ ಮನೆಗೆ ತಪ್ಪಿ ಬಂದ ಅತಿಥಿಯಂತೆ ನಿಲ್ಲುತ್ತದೆ. ಸಾಲಿನ ತಪ್ಪಲ್ಲ. ಮಲಗಿರುವ ಮಗುವಿನ ಮುಂದೆ ಯಾರೂ ಕೂಗುವುದಿಲ್ಲ.

ಯಾವ ಮಗು? ಇಲ್ಲಿ ಮಗು ಬರುವುದಿಲ್ಲ ಎಂದು ಆಗಿದೆಯಲ್ಲ.

“ಖಾಲಿ ಬಿಡು. ಸಟವಿ ಬಂದು ಬರೀತಾಳ” ಅಂದಳು ಕಾಕು. ಸಟವಿ ಎಂದರೆ ಮಗು ಹುಟ್ಟಿದ ಐದನೆಯ ರಾತ್ರಿ ಬಂದು ಹಣೆಬರಹ ಬರೆಯುವ ದೇವತೆ. ಆಕೆಗೆಂದು ಮಗುವಿನ ಹತ್ತಿರ ಖಾಲಿ ಕಾಗದ, ಪೆನ್ನು ಇಡುತ್ತಾರೆ.

“ನನ್ನ ಗೋಡಿ ಮ್ಯಾಲೆ ಯಾವ ದೇವಿಯೂ ನನ್ನ ಕೇಳದ ಬರಿಯಂಗಿಲ್ರಿ” ಅಂದೆ.

೨೦ ಸೆಪ್ಟೆಂಬರ್, ಗುರುವಾರ

ಸ್ನೇಹಲ್ ಬಂದಿದ್ದಾಳೆ. ಪಕ್ಕದಲ್ಲಿ ಮಲಗಿ ಗೊರಕೆ ಹೊಡೆಯುತ್ತಿದ್ದಾಳೆ. ದೀಪ ಸಣ್ಣ ಮಾಡಿಕೊಂಡು ಬರೆಯುತ್ತಿದ್ದೇನೆ.

ಮಧ್ಯಾಹ್ನ ಕಿಟಕಿಯ ಗೋಡೆಗೆ ಕೊನೆಯ ಕೈ ಬಳಿಯುತ್ತಿದ್ದೆ. ಮೆಟ್ಟಿಲ ಮೇಲೆ ಸಪ್ಪಳ. ನೋಡಿದರೆ ಹಗ್ಗ ಹಿಡಿದು ಒಂದೊಂದೇ ಮೆಟ್ಟಿಲು ಹತ್ತುತ್ತಿದ್ದಾಳೆ, ಕೆಳಗೆ ಭಾಮಾಕಾಕು ಎರಡೂ ಕೈ ಮೇಲೆತ್ತಿ ನಿಂತಿದ್ದಾಳೆ, ಬಿದ್ದರೆ ತಾನು ಹಿಡಿಯುವವಳಂತೆ. ಹಿಡಿದಿದ್ದರೆ ಇಬ್ಬರನ್ನೂ ಆಸ್ಪತ್ರೆಗೆ ಒಯ್ಯಬೇಕಾಗುತ್ತಿತ್ತು.

“ಒಬ್ಬಾಕೇ ಬಂದೇನ?”

“ಮಾಂತು ಬಸ್ಸಿನ್ಯಾಗ ಕರಕೊಂಡು ಬಂದು, ರಿಕ್ಷಾ ಹತ್ತಿಸಿ ಡ್ಯೂಟಿಗೆ ಹೋದ್ರು. ಕಾಕು ಫೋನ್ ಮಾಡಿದ್ರು.”

“ಯಾವ ಕಾಕು?”

“ಇಲ್ಲಿ ಎಷ್ಟು ಮಂದಿ ಕಾಕು ಅದಾರ? ನಿಮ್ಮವ್ವ ಗೋಡಿ ಕೂಡ ಮಾತಾಡ್ಲಿಕ್ಕೆ ಹತ್ಯಾಳ, ಲಗೂ ಬಂದು ಬಿಡಿಸು ಅಂದ್ರು.”

ಕೆಳಗೆ ನೋಡಿದೆ. ಭಾಮಾಕಾಕು ಮಾಯವಾಗಿದ್ದಳು.

ಸ್ನೇಹಲ್ ಬಾಗಿಲಲ್ಲೇ ನಿಂತಳು. ಗೋಡೆ ಇನ್ನೂ ಹಸಿ. ಮತ್ತೆ ವಾಂತಿ ಬಂದರೆ ಎಂದು ಬಕೆಟ್ ಕೈಗೆ ತೆಗೆದುಕೊಂಡೆ. ಅವಳು ಮೂಗು ಅರಳಿಸಿದಳು. ಒಳಗೆ ಬಂದಳು. ನಾಯಿಮರಿಯ ಹಾಗೆ ಗೋಡೆಗೆ ಮೂಗು ಹಚ್ಚಿದಳು. “ಅವ್ವಾ, ಮಸ್ತ ವಾಸನಿ” ಅಂದಳು. ನಾನು ನೋಡನೋಡುತ್ತಿದ್ದಂತೆಯೇ ಒಣಗಿದ ಕಡೆ ಉಗುರಿನಿಂದ ಒಂದು ಚಕ್ಕೆ ಎಬ್ಬಿಸಿ ಬಾಯಿಗೆ ಹಾಕಿಕೊಂಡಳು.

“ಏ ಹುಚ್ಚಿ, ಉಗುಳು.” ಕೈಗೊಂದು ಹೊಡೆದೆ. ಉಗುಳಲಿಲ್ಲ. ಅಲ್ಲಿ ತಿಂಗಳಿನಿಂದ ಮಣ್ಣು ತಿನ್ನುವ ಆಸೆಯಂತೆ. ಸಿಮೆಂಟಿನ ಮನೆಯಲ್ಲಿ ನೆಕ್ಕಲು ಒಂದು ಗೋಡೆಯೂ ಇಲ್ಲವಂತೆ. ನಾನು ಬೈಯುತ್ತಲೇ ಇದ್ದೆ, ಅವಳು ನಗುತ್ತಲೇ ಇದ್ದಳು, ಹೊಟ್ಟೆ ಕುಣಿಯುತ್ತಿತ್ತು.

ಮಂಚದ ಮೇಲೆ ಒರಗಿ ಹಸಿರು ನೋಡಿದಳು, ಹಳದಿ ನೋಡಿದಳು, ಗೂಡಿನ ಕೆಂಪು ನೋಡಿದಳು. ನೀಲಿಯ ಮೇಲಿನ ಗೆರೆಗಳನ್ನು ನೋಡಿದಳು. ಏನೂ ಕೇಳಲಿಲ್ಲ. “ನಾ ಇಲ್ಲೇ ಇರ್ತೀನಿ” ಅಂದಳು.

“ನಿಮ್ಮತ್ತಿ?”

“ಬೈಕೋತನ ಬ್ಯಾಗ ತುಂಬಿದ್ರು.”

ಬ್ಯಾಗಿನಲ್ಲಿ ಬಾಣಂತಿಯ ಉಂಡಿಗೆ ಅಳವಿ, ಅಂಟು, ಒಣ ಕೊಬ್ಬರಿ, ಮಗುವಿಗೆ ಹಳೆಯ ಸೀರೆಯ ಮೆತ್ತನೆಯ ತುಂಡುಗಳು. ಎಲ್ಲ ಒಗೆದು ಮಡಿಚಿಟ್ಟಿದ್ದು. ಶಿವಬಸವ್ವನದು ಒಳ್ಳೆಯ ಮಡಿಕೆ. ನನಗೆ ಹಾಗೆ ಬಾರದು.

೫ ಅಕ್ಟೋಬರ್, ಶುಕ್ರವಾರ

ಹೆಣ್ಣು. ಕಾರ್ಪೊರೇಶನ್ ಆಸ್ಪತ್ರೆ. ಇಬ್ಬರೂ ಕ್ಷೇಮ. ಧ್ವನಿ ಮಾತ್ರ ನನ್ನದೇ.

೯ ಅಕ್ಟೋಬರ್, ಮಂಗಳವಾರ

ನಿನ್ನೆ ಮನೆಗೆ ಕರೆತಂದೆವು. ಇವತ್ತು ಐದನೆಯ ದಿನ.

ಬೆಳಿಗ್ಗೆ ಬಾಣಂತಿಗೆ ಎರೆಯಲು ದೊಡ್ಡ ಹಂಡೆ ಬೇಕಾಯಿತು. ಭಾಮಾಕಾಕು, “ಒಳಗ ಬಚ್ಚಲದಾಗ ಅದ, ನನಗ ಎತ್ಲಿಕ್ಕೆ ಆಗೂದಿಲ್ಲ, ಬಾ” ಅಂದಳು. ಅಡಿಗೆಮನೆ ದಾಟಿ ಹೋಗಿ ಎತ್ತಿಕೊಂಡು ಬಂದೆ. ತಾಮ್ರದ್ದು, ಬಲು ಭಾರ, ಸೊಂಟ ಹಿಡಿದಿದೆ. ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು, ಹೋಗುವಾಗ ಇಳಿಸಿ ಇಟ್ಟೆ. ನೀರು ಎರೆಯುವಾಗ ಸ್ನೇಹಲ್ ಅತ್ತಳು, ಸುಖಕ್ಕೋ ಬಿಸಿಗೋ. ಕಿಟಕಿಗೆ ತಟ್ಟು ಕಟ್ಟಲು ನಾನು ಬಿಡಲಿಲ್ಲ. ಕಾಕು ಕೂಡ ಬೇಡವೆಂದಳು.

ಮಧ್ಯಾಹ್ನ ಶಿವಬಸವ್ವ ಬಂದಳು, ಮಾಂತುವಿನ ಜೊತೆ. ಇಳಕಲ್ ಸೀರೆ, ಕೈಯಲ್ಲೊಂದು ಬಾಟಲಿ ನೀರು. ಬಾಟಲಿ ನೋಡಿಯೇ ನನಗೆ ತಿಳಿಯಿತು. ಸ್ನೇಹಲ್ ನನ್ನ ಸೆರಗು ಹಿಡಿದುಕೊಂಡಳು, ಬಾಯಿ ತೆಗೆಯಬೇಡ ಎಂದು. ತೆಗೆಯಲಿಲ್ಲ. ಶಿವಬಸವ್ವ ನಾಲ್ಕೂ ಗೋಡೆ ನೋಡಿದಳು. “ಬಣ್ಣ ಛಲೋ ಕುಂತಾವ” ಅಂದಳು. ಚಹಾ ಬೇಡ ಅಂದಳು. ತನ್ನ ಬಾಟಲಿ ತೆಗೆದು ಕುಡಿದಳು. ಆಮೇಲೆ ಮೊಮ್ಮಗಳನ್ನು ಎತ್ತಿಕೊಂಡಳು. ಮೂಗು ಯಾರದೆಂಬ ಚರ್ಚೆ ಇನ್ನೂ ಮುಗಿದಿರಲಿಲ್ಲ, ಕೂಸು ಇಳಕಲ್ ಸೀರೆಯ ಮೇಲೆ ಬೆಚ್ಚಗೆ ಹೊಯ್ದಿತು.

“ಬಿಡ್ರಿ ಬೀಗತಿ, ನಮ್ಮ ಮನಿ ನೀರು ಹ್ಯಾಂಗೋ ನಿಮಗ ಮುಟ್ಟಿತು” ಅಂದುಬಿಟ್ಟೆ. ಮೊದಲು ನಕ್ಕವಳು ಭಾಮಾಕಾಕು. ಶಿವಬಸವ್ವ ನಗಲಿಲ್ಲ. ಆದರೆ ಕೂಸನ್ನು ಕೆಳಗೂ ಇಡಲಿಲ್ಲ. ಒದ್ದೆಯಲ್ಲೇ ಕೂತು ತಟ್ಟುತ್ತಿದ್ದಳು. ಬಸ್ಸಿಗೆ ಹೊರಡುವಾಗ ಖಾಲಿಯಾದ ಬಾಟಲಿಯನ್ನು ನಮ್ಮ ಕೊಡದಿಂದ ತುಂಬಿಕೊಂಡು ಹೋದಳೆಂದು ಸ್ನೇಹಲ್ ಹೇಳುತ್ತಾಳೆ. ನಾನು ನೋಡಲಿಲ್ಲ. ನೋಡದ್ದನ್ನು ನಾನು ಬರೆಯುವುದಿಲ್ಲ.

ಹೊರಡುವ ಮುಂಚೆ ಆಕೆ ಮತ್ತು ಕಾಕು ಸೇರಿ ಮಗುವಿನ ತಲೆದೆಸೆಯಲ್ಲಿ ಖಾಲಿ ಕಾಗದ, ಪೆನ್ನು ಇಟ್ಟರು. ಸಟವಿಗೆ. ಒಬ್ಬಳು ಬ್ರಾಹ್ಮಣತಿ, ಒಬ್ಬಳು ಲಿಂಗಾಯತಳು, ಇದೊಂದರಲ್ಲಿ ಎಷ್ಟು ಒಗ್ಗಟ್ಟು.

ನಾನು ಪೆನ್ನು ತೆಗೆದು ಜಂಪರಿನಲ್ಲಿ ಸಿಕ್ಕಿಸಿಕೊಂಡೆ.

“ಏ ನಾಗವ್ವ, ಆಕಿ ಬಂದು ಯಾತರಿಂದ ಬರೀಬೇಕು?” ಕಾಕು ಕೇಳಿದಳು.

“ಬರಲಿ. ಕೂಸಿನ ಮುಖ ನೋಡಲಿ, ಚಹಾ ಕುಡೀಲಿ, ಹೋಗಲಿ. ಬರಿಯೂದು ಬ್ಯಾಡ. ಆಕಿ ಕೈಬರಹ ನಾ ನೋಡೀನಿ. ನಮ್ಮ ಕೇರಿಯವರ ಹಣಿ ಮ್ಯಾಲೆ ಆಕಿ ಬರದದ್ದು ಅಳಸೂದ್ರಾಗನ ನನ್ನ ಮೂವತ್ತು ವರ್ಷ ಹೋದವು.”

ಶಿವಬಸವ್ವ ಕಾಗದವನ್ನು ಮಡಿಚಿ ತನ್ನ ಚೀಲಕ್ಕೆ ಹಾಕಿಕೊಂಡಳು. ಯಾಕೆಂದು ನಾನು ಕೇಳಲಿಲ್ಲ, ಆಕೆ ಹೇಳಲಿಲ್ಲ.

ಆ ಪೆನ್ನಿನಿಂದಲೇ ಇದನ್ನು ಬರೆಯುತ್ತಿದ್ದೇನೆ.

೧೦ ಅಕ್ಟೋಬರ್, ಬುಧವಾರ

ಬಿಸಿಲು ನೀಲಿ ಗೋಡೆಯ ಮೇಲೆ ಬಿದ್ದಿತ್ತು. ಮಗು ಕಣ್ಣು ಬಿಟ್ಟು ಅತ್ತ ನೋಡುತ್ತಿತ್ತು. ಈ ವಯಸ್ಸಿಗೆ ಅವಕ್ಕೆ ಏನೂ ಕಾಣುವುದಿಲ್ಲ ಎನ್ನುತ್ತಾರೆ. ಇದಕ್ಕೆ ಕಾಣುತ್ತದೆ.

ಸ್ನೇಹಲ್ ಹಾಲೂಡಿಸುತ್ತಾ ಕೇಳಿದಳು: “ಅವ್ವಾ, ಆ ಎರಡು ಗೆರಿ ನಡುವ ಏನೂ ಬರೀಲೇ ಇಲ್ಲಲ್ಲ.”

ಎದ್ದು ಒದ್ದೆ ಬಟ್ಟೆಯಿಂದ ಎರಡೂ ಗೆರೆ ಒರೆಸಿದೆ. ಕಾಕು ಹಿಡಿದ ಡೊಂಕು ಗೆರೆಯನ್ನು ಒರೆಸುವಾಗ ಕೈ ಒಂದು ಕ್ಷಣ ನಿಂತಿತು. ಆಮೇಲೆ ದಾರಕ್ಕೆ ಬಿಳಿ ಪುಡಿ ಸವರಿ, ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ಒಂದು ತುದಿಯನ್ನು ಸ್ನೇಹಲ್ ಕಡೆ ಚಾಚಿದೆ.

“ಎಷ್ಟು ಕೆಳಗ? ಅಲ್ಲಿ ಯಾರಿಗೆ ಕಾಣ್ತದ?” ಅಂದಳು.

“ಹಿಡಿ ಸುಮ್ಮನ.”

ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ದಾರ. ಮಂಚ ಇಳಿದು ಬಂದು, ಗೋಡೆಯ ಹತ್ತಿರ ಬಾಗಿ, ನಾನು ತೋರಿಸಿದ ಎತ್ತರಕ್ಕೆ ಹಿಡಿದಳು. ನೆಲದಿಂದ ಎರಡು ಮೊಳ. ಮೂರು ವರ್ಷದ ಮಗು ನಿಂತು, ಬಳಪ ಹಿಡಿದ ಕೈ ಚಾಚಿದರೆ ಮುಟ್ಟುವಷ್ಟು. ಅವಳಿಗೆ ಆಗ ಅರ್ಥವಾಯಿತೆಂದು ತೋರುತ್ತದೆ, ದಾರ ಇನ್ನಷ್ಟು ಬಿಗಿಯಾಯಿತು. ಚಿಕ್ಕವಳಿದ್ದಾಗಲೂ ಹೀಗೆಯೇ ಬಿಗಿ ಹಿಡಿಯುತ್ತಿದ್ದಳು, ಒಮ್ಮೆಯೂ ಸಡಿಲ ಬಿಟ್ಟವಳಲ್ಲ.

ಎಳೆದು ಬಿಟ್ಟೆ. ಮೇಲಿನ ಗೆರೆ. ಮತ್ತೆ ಎಳೆದು ಬಿಟ್ಟೆ. ಕೆಳಗಿನದು.

ಸಪ್ಪಳಕ್ಕೆ ಮಗು ಅಳಲಿಲ್ಲ.